ಗೋಡೆಗೂ ಉಸಿರು ಬೇಕು

ಮಳೆಗಾಲ ಮುಗಿದು ದೀಪಾವಳಿಗೆ ಮನೆಗಳಿಗೆ ಸುಣ್ಣ ಬಳಿಯುವ ಹೊತ್ತು. ಸೇಡಂ ತಾಲ್ಲೂಕಿನ ಕೋಡ್ಲಾದಂಥ ಊರುಗಳ ಹಳೆಯ ಓಣಿಗಳಲ್ಲಿ ಒಂದು ದೃಶ್ಯ ಅಪರೂಪವಲ್ಲ. ಅಜ್ಜನ ಕಾಲದ ಕಲ್ಲಿನ ಮನೆ. ಎರಡು ವರ್ಷದ ಹಿಂದಷ್ಟೇ ಗೋಡೆಗೆ ಸಿಮೆಂಟಿನ ಗಿಲಾವು ಆಗಿದೆ. ಹಣವೂ ಸಾಕಷ್ಟು ಖರ್ಚಾಗಿದೆ. ಆದರೆ ನೆಲದಿಂದ ಮೂರು ಅಡಿಯವರೆಗೆ ಗಿಲಾವು ಉಬ್ಬಿ ನಿಂತಿದೆ. ಬಡಿದರೆ ಟೊಳ್ಳು ಸದ್ದು. ಕಿತ್ತರೆ ಹಪ್ಪಳದಂತೆ ಬರುತ್ತದೆ, ಅದರ ಬೆನ್ನಿಗೆ ಬಿಳಿ ಉಪ್ಪು. ಒಳಗಿನ ಕಲ್ಲೂ ಪದರು ಪದರಾಗಿ ಉದುರುತ್ತಿದೆ.

ಮನೆಯವರು ಗೌಂಡಿಯನ್ನು ದೂರುತ್ತಾರೆ. ಗೌಂಡಿ ಮರಳನ್ನು ದೂರುತ್ತಾನೆ. ಮೂಲೆಯಲ್ಲಿ ಕುಳಿತ ಮುತ್ಯಾ ಮಾತ್ರ, ‘ಗ್ವಾಡಿಗಿ ಉಸುರು ಕಟ್ಟ್ಯಾದಪಾ, ಅದಕ್ಕ ಹಿಂಗಾಗ್ಯಾದ’ ಎನ್ನುತ್ತಾನೆ. ಕಾಲೇಜಿಗೆ ಹೋಗುವ ಮೊಮ್ಮಗನಿಗೆ ನಗು. ಗೋಡೆ ಎಲ್ಲಾದರೂ ಉಸಿರಾಡುತ್ತದೆಯೇ?

ಮುತ್ಯಾನ ಮಾತು ತಮಾಷೆಯಲ್ಲ. ಹಳೆಯ ಕಟ್ಟಡಗಳ ಜೀರ್ಣೋದ್ಧಾರ ಮಾಡುವ ತಜ್ಞರೂ ಇದೇ ಮಾತನ್ನು ಬೇರೆ ಶಬ್ದಗಳಲ್ಲಿ ಹೇಳುತ್ತಾರೆ. ಕಲಬುರಗಿಯ ಕೋಟೆಯಾಗಲಿ, ಮೈಸೂರಿನ ಮಾರುಕಟ್ಟೆಯಾಗಲಿ, ಓಣಿಯ ಮನೆಯಾಗಲಿ, ಎಲ್ಲಕ್ಕೂ ಅನ್ವಯಿಸುವ ಮಾತು ಅದು.

ಒಂದೇ ಕಲ್ಲಿನ ಇಬ್ಬರು ಮಕ್ಕಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯ ನೆಲದಡಿ ಬಹುಪಾಲು ಇರುವುದು ಸುಣ್ಣದ ಕಲ್ಲು. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹ ಎನ್ನುತ್ತಾರೆ. ಉತ್ತರಕ್ಕೆ ಹಾಸಿರುವ ಕರಿಕಲ್ಲು, ಅಂದರೆ ದಖನ್ನಿನ ಲಾವಾ, ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಸುಣ್ಣದ ಕಲ್ಲು ಅದಕ್ಕಿಂತ ಎಷ್ಟೋ ಹಳೆಯದು. ಸಮುದ್ರದ ತಳದಲ್ಲಿ ಪದರು ಪದರಾಗಿ ಕೂತ ಕಲ್ಲಾದ್ದರಿಂದ ಹಾರೆ ಹಾಕಿ ಎಬ್ಬಿಸಿದರೆ ಹಲಗೆಯಂತೆ ಏಳುತ್ತದೆ. ಇದೇ ಶಹಾಬಾದ ಕಲ್ಲು, ಜನರ ಬಾಯಲ್ಲಿ ಪರ್ಸಿ. 1870ರ ದಶಕದಲ್ಲಿ ರೈಲು ಬಂದು, 1874ರಲ್ಲಿ ವಾಡಿಯಿಂದ ಸಿಕಂದರಾಬಾದಿನ ಮಾರ್ಗವೂ ತೆರೆದ ಮೇಲೆ ಈ ಕಲ್ಲು ದೂರದ ಊರುಗಳ ಅಂಗಳಕ್ಕೂ ಪಡಸಾಲೆಗೂ ಹೋಯಿತು.

ಇಲ್ಲಿಯವರಿಗೆ ಅದು ಮೊದಲಿನಿಂದಲೂ ಮನೆಯ ಕಲ್ಲು. ಕಾಗಿಣಾ ದಂಡೆಯ ಮಳಖೇಡವನ್ನೇ ನೋಡಬಹುದು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದೇ. ಅಮೋಘವರ್ಷ ನೃಪತುಂಗ 9ನೇ ಶತಮಾನದಲ್ಲಿ ಇಲ್ಲಿಂದ ಆಳಿದ. ‘ಕವಿರಾಜಮಾರ್ಗ’ವೂ, ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವೂ ಅವನ ಆಶ್ರಯದಲ್ಲಿ ಹುಟ್ಟಿದವು. ಇಂದು ಅಲ್ಲಿ ಕಾಣುವ ಕೋಟೆಯ ಗೋಡೆಗಳಲ್ಲಿ ಇರುವುದೂ ಈ ನೆಲದ ಕಲ್ಲೇ.

ಈ ಸುಣ್ಣದ ಕಲ್ಲಿಗೆ ಇಬ್ಬರು ಮಕ್ಕಳು. ಹಿರಿಯದು ಸುಣ್ಣ, ಕಿರಿಯದು ಸಿಮೆಂಟು. ಹಿರಿಯದಕ್ಕೆ ಸಾವಿರಾರು ವರ್ಷದ ಇತಿಹಾಸ. ಕಿರಿಯದಕ್ಕೆ, ಜೋಸೆಫ್ ಆಸ್ಪ್‌ಡಿನ್ ಎಂಬ ಇಂಗ್ಲಿಷ್ ಗಾರೆಯವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ 1824ರಿಂದ ಲೆಕ್ಕ ಹಿಡಿದರೆ, ಇನ್ನೂರು ವರ್ಷ. ಶಹಾಬಾದದಲ್ಲಿ ಸಿಮೆಂಟು ತಯಾರಿಕೆ ಶುರುವಾದದ್ದು 1920ರ ದಶಕದಲ್ಲಿ. ಆಮೇಲೆ ವಾಡಿ, ಸೇಡಂ, ಮಳಖೇಡ, ಕೊನೆಗೆ ಕೋಡ್ಲಾದ ಪರಿಸರದಲ್ಲೂ ಕಾರ್ಖಾನೆಗಳು ಎದ್ದವು. ಇದರ ಜೊತೆಗೆ ಸುಣ್ಣದ ಭಟ್ಟಿಗಳು ಒಂದೊಂದಾಗಿ ಆರಿದವು. ಗಚ್ಚು ಅರೆಯುವ ಗಾಣ ನಿಂತಿತು. ಸುಣ್ಣದ ಕೆಲಸ ಬಲ್ಲ ಕೈಗಳೂ ಕಡಿಮೆಯಾದವು.

ಶಾಲೆಯ ಪ್ರಯೋಗ, ಕೋಟೆಯ ಗುಟ್ಟು

ಸುಣ್ಣ ಗಟ್ಟಿಯಾಗುವ ಬಗೆ ವಿದ್ಯಾರ್ಥಿಗಳಿಗೆ ಆಗಲೇ ಗೊತ್ತಿದೆ. ತಿಳಿಸುಣ್ಣದ ನೀರಿಗೆ ನಳಿಗೆಯಿಂದ ಊದಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ ಎಂಬ ಪ್ರಯೋಗವನ್ನು ಎಲ್ಲರೂ ಪ್ರೌಢಶಾಲೆಯಲ್ಲಿ ಮಾಡಿಯೇ ಇರುತ್ತಾರೆ. ಉಸಿರಿನ ಇಂಗಾಲದ ಡೈಆಕ್ಸೈಡು ಸುಣ್ಣದೊಡನೆ ಕೂಡಿ ಕ್ಯಾಲ್ಸಿಯಂ ಕಾರ್ಬೊನೇಟು ಆಗುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕ ತರುವ ಈ ಕ್ರಿಯೆಯೇ ಶತಮಾನಗಳಿಂದ ಗುಮ್ಮಟಗಳನ್ನು ಹಿಡಿದು ನಿಲ್ಲಿಸಿದೆ.

ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡು ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಶುದ್ಧವಾದ 100 ಕಿಲೋ ಕಲ್ಲಿಗೆ 56 ಕಿಲೋ ಸುಣ್ಣ. ಉಳಿದ 44 ಕಿಲೋ ಗಾಳಿಯ ಪಾಲು. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟುತ್ತ ಅರಳುತ್ತದೆ. ಅರಳಿದ ಸುಣ್ಣವನ್ನು ವಾರಗಟ್ಟಲೆ ನೀರಿನಡಿ ಇಟ್ಟು, ಮರಳು ಮತ್ತು ಇಟ್ಟಿಗೆ ಪುಡಿ ಸೇರಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದರೆ ಗಚ್ಚು ಸಿದ್ಧ. ಕೆಲವೆಡೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯವನ್ನೂ ಬೆರೆಸುತ್ತಿದ್ದರು. ಗೋಡೆಯಲ್ಲಿ ಕೂತ ಗಚ್ಚು ಗಾಳಿಯಿಂದ ತಾನು ಕಳೆದುಕೊಂಡ ಡೈಆಕ್ಸೈಡನ್ನು ನಿಧಾನವಾಗಿ ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಕಲ್ಲಿನಿಂದ ಹೊರಟು ಕಲ್ಲಿಗೇ ಮರಳುವ ಈ ಪಯಣಕ್ಕೆ ತಿಂಗಳುಗಳು, ದಪ್ಪ ಗೋಡೆಯಾದರೆ ವರ್ಷಗಳೇ ಬೇಕು.

ಸಿಮೆಂಟಿನ ದಾರಿ ಬೇರೆ. ಸುಣ್ಣದ ಕಲ್ಲಿಗೆ ಜೇಡಿಮಣ್ಣು ಸೇರಿಸಿ ಸುಮಾರು 1,450 ಡಿಗ್ರಿಯಲ್ಲಿ ಸುಡುತ್ತಾರೆ. ಅದು ಗಟ್ಟಿಯಾಗುವುದು ಗಾಳಿಯಿಂದಲ್ಲ, ನೀರಿನೊಡನೆ ಕೂಡಿ. ಕೆಲವೇ ಗಂಟೆಗಳಲ್ಲಿ ಬಿಗಿಯುತ್ತದೆ, 28 ದಿನಕ್ಕೆ ತನ್ನ ಬಲದ ಬಹುಭಾಗ ಪಡೆಯುತ್ತದೆ. ಅಣೆಕಟ್ಟು, ಸೇತುವೆ, ಹತ್ತು ಅಂತಸ್ತಿನ ಆಸ್ಪತ್ರೆಗೆ ಇದೇ ಬೇಕು. ಇದರಲ್ಲಿ ಎರಡು ಮಾತಿಲ್ಲ.

ಹಾಗಾದರೆ ಹಳೆಯ ಗೋಡೆಗೆ ಇದು ಏಕೆ ಒಗ್ಗುವುದಿಲ್ಲ? ಹಳೆಯ ಗೋಡೆಗಳ ಅಡಿಪಾಯದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ದೀಪದ ಬತ್ತಿ ಎಣ್ಣೆ ಹೀರುವಂತೆ ಗೋಡೆ ನೆಲದ ನೀರನ್ನು ಮೇಲಕ್ಕೆ ಎಳೆಯುತ್ತದೆ. ಸುಣ್ಣದ ಗಚ್ಚಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಏರಿದ ನೀರು ಅವುಗಳ ಮೂಲಕ ಆವಿಯಾಗಿ ಹೊರಬೀಳುತ್ತದೆ. ಮುತ್ಯಾ ಹೇಳಿದ ಉಸಿರಾಟವೆಂದರೆ ಇದೇ. ಸಿಮೆಂಟು ಬಳಿದಾಗ ಆ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ. ನೀರು ಒಳಗೇ ಉಳಿದು ಇನ್ನೂ ಮೇಲೇರುತ್ತದೆ. ಅದರಲ್ಲಿ ಕರಗಿದ ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ, ಆ ಹರಳು ಹಿಗ್ಗುವ ಒತ್ತಡಕ್ಕೆ ಕಲ್ಲಿನ ಮುಖ ಒಡೆಯುತ್ತದೆ. ಗೋಡೆಯಲ್ಲಿ ಹುದುಗಿದ ತೊಲೆಯ ತುದಿ ತೇವಕ್ಕೆ ಕೊಳೆಯುತ್ತದೆ.

ಇನ್ನೊಂದು ಕಾರಣವೂ ಇದೆ. ಬಿಸಿಲಿಗೆ ಗೋಡೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಮೃದುವಾದ ಗಚ್ಚು ಅದಕ್ಕೆ ತಕ್ಕಂತೆ ಬಾಗುತ್ತದೆ. ಬಿರುಕು ಬಿಟ್ಟರೂ ಸಂದಿಯಲ್ಲೇ ಬಿಡುತ್ತದೆ. ಸಣ್ಣ ಬಿರುಕುಗಳನ್ನು ಮಳೆನೀರಿನಲ್ಲಿ ಕರಗಿದ ಸುಣ್ಣವೇ ಮತ್ತೆ ತುಂಬುವುದುಂಟು. ಸಂದಿಯಲ್ಲಿ ಕಲ್ಲಿಗಿಂತ ಗಡಸು ಸಿಮೆಂಟು ಕೂತರೆ ಬಿರುಕು ಬೀಳುವುದು ಕಲ್ಲಿಗೆ. ಗಚ್ಚು ಹೋದರೆ ಮತ್ತೆ ತುಂಬಬಹುದು. ಕಲ್ಲು ಹೋದರೆ? ಆದ್ದರಿಂದ ಸಂದಿಯ ಗಾರೆ ಯಾವಾಗಲೂ ಕಲ್ಲಿಗಿಂತ ಮೆತ್ತಗಿರಬೇಕು ಎಂಬುದು ಜೀರ್ಣೋದ್ಧಾರದ ಮೊದಲ ಪಾಠ.

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ 1367ರದು. ತೆರೆದ ಅಂಗಳವಿಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ ಈ ಕಟ್ಟಡ ಆರೂವರೆ ಶತಮಾನ ದಾಟಿದೆ. ಬೀದರದಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ 17ನೇ ಶತಮಾನದ ಕೊನೆಯಲ್ಲಿ ಸಿಡಿಮದ್ದಿನ ಸ್ಫೋಟಕ್ಕೆ ಸಿಕ್ಕಿ ಒಂದು ಭಾಗ ಕಳೆದುಕೊಂಡಿತು. ಉಳಿದ ಭಾಗ ಬಣ್ಣದ ಹೆಂಚುಗಳ ಸಮೇತ ಇನ್ನೂ ನಿಂತಿದೆ. ಸಿಮೆಂಟಿನ ಹೆಸರೇ ಇಲ್ಲದ ಕಾಲದಲ್ಲಿ ಇವುಗಳನ್ನು ಹಿಡಿದು ನಿಲ್ಲಿಸಿದ್ದು ಸುಣ್ಣ.

ಕುಸಿದ ಎರಡು ಕಟ್ಟಡಗಳು

ಕೋಟೆ, ಮದರಸಾಗಳಿಗೆ ಪುರಾತತ್ವ ಇಲಾಖೆಯ ಕಾವಲಿದೆ. ಜನ ದಿನವೂ ಓಡಾಡುವ ಪೇಟೆ ಕಟ್ಟಡಗಳ ಕಥೆ ಹಾಗಲ್ಲ. ಇದಕ್ಕೆ ಮೈಸೂರು ಒಳ್ಳೆಯ ಉದಾಹರಣೆ. ಅಲ್ಲಿ ಅರಮನೆಯ ಸುತ್ತಲಿನ ಪೇಟೆಯೇ ಒಂದು ಪಾರಂಪರಿಕ ಪ್ರದೇಶ. ಲ್ಯಾನ್ಸ್‌ಡೌನ್ ಕಟ್ಟಡ ಮತ್ತು ದೇವರಾಜ ಮಾರುಕಟ್ಟೆ ಎರಡೂ 19ನೇ ಶತಮಾನದ ಕೊನೆಯವು. ಹಳೆಯ ಪುಸ್ತಕದಂಗಡಿಗಳಿಗೆ ಲ್ಯಾನ್ಸ್‌ಡೌನ್ ಎಷ್ಟು ಪ್ರಸಿದ್ಧವಾಗಿತ್ತೋ ಹೂವು, ವೀಳ್ಯದೆಲೆ, ಕುಂಕುಮಕ್ಕೆ ದೇವರಾಜ ಮಾರುಕಟ್ಟೆ ಅಷ್ಟೇ ಪ್ರಸಿದ್ಧ.

2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ, ದುರಸ್ತಿ ನಡೆಯುತ್ತಿದ್ದಾಗಲೇ, ನೆಲಕ್ಕುರುಳಿತು. ಅಲ್ಲಿಂದ ಶುರುವಾದ ವಾದ ಹೈಕೋರ್ಟಿನವರೆಗೂ ಹೋಯಿತು. ಅಪಾಯಕಾರಿಯಾದ್ದನ್ನು ಕೆಡವಿ ಅದೇ ರೂಪದಲ್ಲಿ ಹೊಸದು ಕಟ್ಟೋಣ ಎಂದು ಒಂದು ಪಕ್ಷ. ಸುಣ್ಣದ ಗಾರೆಯ ಹಳೆಯ ವಿಧಾನದಲ್ಲೇ ಇದನ್ನು ಬಲಪಡಿಸಬಹುದು, ಕೆಡವಿ ಕಟ್ಟಿದ್ದು ನಕಲು ಮಾತ್ರ ಎಂದು ಇನ್ನೊಂದು ಪಕ್ಷ. ನಡುವೆ ತಲೆತಲಾಂತರದಿಂದ ಅಲ್ಲೇ ಬದುಕು ಕಟ್ಟಿಕೊಂಡ ವ್ಯಾಪಾರಿಗಳು.

ಹಳೆಯದೆಲ್ಲವನ್ನೂ ಕಣ್ಣುಮುಚ್ಚಿ ಉಳಿಸಬೇಕೆಂದು ಹಟ ಹಿಡಿಯುವುದೂ ಸರಿಯಲ್ಲ. ಪ್ರಾಣಕ್ಕಿಂತ ಗೋಡೆ ದೊಡ್ಡದಲ್ಲ. ಆದರೆ ಕಟ್ಟಡಗಳು ಒಂದೇ ದಿನದಲ್ಲಿ ಅಪಾಯಕಾರಿ ಆಗುವುದಿಲ್ಲ. ಮಾಳಿಗೆಯ ಮೇಲೆ ಬೆಳೆದ ಅರಳಿ ಸಸಿಯನ್ನು ಕೀಳದೆ ಬಿಟ್ಟದ್ದು, ಮಳೆನೀರಿನ ತೂಬು ಕಟ್ಟಿದ್ದನ್ನು ನೋಡದೆ ಹೋದದ್ದು, ಸೋರಿದಾಗಲೆಲ್ಲ ಮೇಲೊಂದು ಕಾಂಕ್ರೀಟು ಪದರ ಎಳೆದು ಭಾರ ಹೆಚ್ಚಿಸಿದ್ದು, ಹೀಗೆ ವರ್ಷಗಟ್ಟಲೆ ನಡೆದ ಅಲಕ್ಷ್ಯ ಒಂದು ದಿನ ಕುಸಿತವಾಗಿ ಕಾಣುತ್ತದೆ. ಆಗ ದೂರು ಬರುವುದು ಸುಣ್ಣದ ಮೇಲೆ.

ಕಿಲ್ಲಾರಿ ಕಲಿಸಿದ್ದು

‘ಹಳೆ ಮನಿ ಚಂದ ಅಂತ ಹೇಳೋರು ಅದರಾಗ ಇದ್ದು ನೋಡಲಿ’ ಎಂದು ಅನೇಕ ಪಾಲಕರು ಹೇಳುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. ಒಳಗೆ ಕತ್ತಲೆ, ಜಂತಿಯ ನಡುವಿನಿಂದ ಮಣ್ಣು ಉದುರುತ್ತದೆ, ವರ್ಷಕ್ಕೊಮ್ಮೆ ಮಾಳಿಗೆಗೆ ಕರಲು ಮಣ್ಣು ಹಾಕಿ ಬಡಿಯಬೇಕು. ಇದಕ್ಕಿಂತ ದೊಡ್ಡ ಭಯ ಭೂಕಂಪದ್ದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಪಕ್ಕದ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನ ಮಲಗಿದ್ದಲ್ಲೇ ಸತ್ತರು. ಅವರನ್ನು ಕೊಂದದ್ದು ಬಹುಮಟ್ಟಿಗೆ ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ದಪ್ಪ ಗೋಡೆ ಮತ್ತು ಅದರ ಮೇಲಿನ ಮಣ್ಣಿನ ಭಾರದ ಮಾಳಿಗೆ. ಆ ನಡುಕ ಕಲಬುರಗಿ, ಬೀದರ ಜಿಲ್ಲೆಗಳಿಗೂ ತಟ್ಟಿತ್ತು. ಆಮೇಲೆ ಕಲ್ಲಿನ ಮನೆ ಎಂದರೆ ಜನ ಹೆದರಿದ್ದು ಸಹಜ.

ಆದರೆ ಕಿಲ್ಲಾರಿಯ ನಂತರ ಪರಿಶೀಲಿಸಿದ ಇಂಜಿನಿಯರುಗಳು ಕಂಡುಕೊಂಡದ್ದು ಕಲ್ಲೇ ತಪ್ಪು ಎಂದಲ್ಲ, ಕಲ್ಲು ಕಟ್ಟಿದ ಬಗೆ ತಪ್ಪು ಎಂದು. ದಪ್ಪ ಗೋಡೆಗೆ ಒಳಗೊಂದು ಹೊರಗೊಂದು ಮುಖ ಕಟ್ಟಿ ನಡುವೆ ಜಲ್ಲಿ, ಮಣ್ಣು ತುಂಬಿರುತ್ತಾರೆ. ಎರಡು ಮುಖಗಳನ್ನು ಬೆಸೆಯುವ ಉದ್ದಕಲ್ಲು ಇಲ್ಲದಿದ್ದರೆ ನಡುಗಿದಾಗ ಅವು ಬೇರೆಯಾಗಿ ಬೀಳುತ್ತವೆ. ಅಲ್ಲಲ್ಲಿ ಉದ್ದಕಲ್ಲು ಸೇರಿಸುವುದು, ಮಾಳಿಗೆಯ ಮಣ್ಣಿನ ದಪ್ಪ ಇಳಿಸುವುದು, ಗೋಡೆಗಳ ಸುತ್ತ ಮೇಲ್ಭಾಗದಲ್ಲಿ ಬಿಗಿಪಟ್ಟಿ ಕಟ್ಟುವುದು, ಮೂಲೆಗಳನ್ನು ಹೆಣೆಯುವುದು, ಇಷ್ಟು ಮಾಡಿದರೆ ಹಳೆಯ ಮನೆಯೂ ಎಷ್ಟೋ ಭದ್ರವಾಗುತ್ತದೆ. ಇವಾವುದನ್ನೂ ಮಾಡದೆ ದುರ್ಬಲ ಗೋಡೆಯ ಮೇಲೆ ಕಾಂಕ್ರೀಟಿನ ಚಾವಣಿ ಹಾಕಿಸುವುದೇ ಅಪಾಯಕ್ಕೆ ದಾರಿ. ದುರದೃಷ್ಟವೆಂದರೆ ಹೆಚ್ಚಿನ ಮನೆಗಳಲ್ಲಿ ನಡೆಯುತ್ತಿರುವುದು ಇದೇ.

ಕತ್ತಲೆಗೂ ಉಪಾಯವಿದೆ. ಬೆಳಕಿಂಡಿಗೆ ಗಾಜು ಹಾಕಬಹುದು, ಶೌಚಾಲಯ, ವಿದ್ಯುತ್ತು, ನಲ್ಲಿ ಎಲ್ಲವನ್ನೂ ಕೊಡಬಹುದು. ಎರಡು ಅಡಿ ದಪ್ಪದ ಕಲ್ಲಿನ ಗೋಡೆ ಮೇ ತಿಂಗಳ ಮಧ್ಯಾಹ್ನ ಕೊಡುವ ತಂಪನ್ನು ಕಾಂಕ್ರೀಟಿನ ಕೋಣೆ ಕೊಡಲಾರದು ಎಂಬುದು ಕಲಬುರಗಿಯ ಬಿಸಿಲು ಬಲ್ಲವರಿಗೆಲ್ಲ ಗೊತ್ತು.

ಒಂದು ಮನೆಯಲ್ಲ, ಒಂದು ಓಣಿ

ಹಳೆಯ ಕಟ್ಟಡ ಒಂಟಿಯಾಗಿ ಉಳಿದರೆ ಅದಕ್ಕೆ ಅರ್ಥವಿಲ್ಲ ಎಂಬ ಅರಿವು ಜಗತ್ತಿಗೆ ಬಂದದ್ದು 1960ರ ದಶಕದಲ್ಲಿ. ಫ್ರಾನ್ಸ್ 1962ರಲ್ಲಿ, ಬ್ರಿಟನ್ 1967ರಲ್ಲಿ, ಇಡೀ ಬೀದಿ, ಇಡೀ ಪೇಟೆಯನ್ನೇ ಸಂರಕ್ಷಣಾ ಪ್ರದೇಶವೆಂದು ಗುರುತಿಸುವ ಕಾನೂನು ತಂದವು. ಭಾರತದಲ್ಲಿ ಮುಂಬಯಿ 1995ರಲ್ಲಿ ಪಾರಂಪರಿಕ ಕಟ್ಟಡಗಳಿಗೂ ಪ್ರದೇಶಗಳಿಗೂ ನಿಯಮ ರೂಪಿಸಿತು. ಕೇಂದ್ರ ಸರ್ಕಾರ 2010ರಲ್ಲಿ ಮಾಡಿದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು.

ಸಂರಕ್ಷಣೆ ಎಂದರೆ ಮ್ಯೂಸಿಯಮ್ಮಿನಲ್ಲಿ ಬದುಕುವುದಲ್ಲ. ಬೀದಿಗೆ ಕಾಣುವ ಮುಖ, ಎತ್ತರ, ಬಾಗಿಲು-ಕಿಟಕಿಗಳ ಅಳತೆ ಇವನ್ನು ಕಾಪಾಡಿಕೊಂಡು ಒಳಗೆ ಇಂದಿನ ಬದುಕಿಗೆ ಬೇಕಾದ್ದನ್ನು ಮಾಡಿಕೊಳ್ಳುವುದು. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲು ಇದಕ್ಕೆ ಮಾದರಿ. ಹಳೆಯ ಮಹಲನ್ನು ದುರಸ್ತಿ ಮಾಡಿ, ಅದಕ್ಕೆ ಧಕ್ಕೆಯಾಗದಂತೆ ಹೊಸ ಭಾಗ ಸೇರಿಸಿ, 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಿ ತೆರೆಯಲಾಯಿತು. ಅದೇ ನಗರದ ಕೆಂಪು ಅಠಾರಾ ಕಚೇರಿಯನ್ನು, ಇಂದಿನ ಹೈಕೋರ್ಟು ಕಟ್ಟಡವನ್ನು, ಕೆಡವುವ ಯೋಜನೆ 1980ರ ದಶಕದಲ್ಲಿ ಬಂದಿತ್ತು. ನಾಗರಿಕರು ಎಚ್ಚರಗೊಂಡಿದ್ದರಿಂದ ಅದು ಉಳಿಯಿತು.

ಆದರೆ ಮನೆ ಉಳಿಸು ಎಂದು ಹೇಳುವುದು ಸುಲಭ, ಖರ್ಚು ಯಾರದು? ಸುಣ್ಣದ ಕೆಲಸಕ್ಕೆ ದಿನ ಹೆಚ್ಚು, ಬಲ್ಲವರು ಕಡಿಮೆ, ಕೂಲಿಯೂ ಹೆಚ್ಚು. ಬಡ ಕುಟುಂಬದ ಮೇಲೆ ನಿಯಮ ಹೇರಿ ನೆರವು ಕೊಡದಿದ್ದರೆ ಪರಂಪರೆ ಎಂಬ ಶಬ್ದವೇ ಅವರಿಗೆ ಬೇಸರ ತರಿಸುತ್ತದೆ. ಸುಣ್ಣದ ಕಲ್ಲಿನ ಮೇಲೆಯೇ ಕೂತ ಈ ತಾಲ್ಲೂಕುಗಳಲ್ಲಿ ಒಳ್ಳೆಯ ಸುಣ್ಣಕ್ಕಾಗಿ ಹುಡುಕಾಡುವ ಸ್ಥಿತಿ ಬರಬಾರದು. ಊರಿಗೊಂದು ಭಟ್ಟಿ, ತಾಲ್ಲೂಕಿಗೆ ಹತ್ತು ಮಂದಿ ತರಬೇತಾದ ಗೌಂಡಿಗಳಿದ್ದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ಮಕ್ಕಳ ಮುಂದಿನ ದಾರಿ ಯೋಚಿಸುವ ಪಾಲಕರು ಇದನ್ನೂ ಗಮನಿಸಬಹುದು. ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಯಲ್ಲಿ ಕಟ್ಟಡ ಸಂರಕ್ಷಣೆಯಲ್ಲೇ ಸ್ನಾತಕೋತ್ತರ ಪದವಿ ಇದೆ. 1984ರಲ್ಲಿ ಸ್ಥಾಪನೆಯಾದ ಇಂಟ್ಯಾಕ್ ಸಂಸ್ಥೆ ದೇಶದಾದ್ಯಂತ ಈ ಕೆಲಸದಲ್ಲಿ ತೊಡಗಿದೆ. ಕಟ್ಟಡದ ಸುಣ್ಣದ ಗುಣಮಟ್ಟಕ್ಕೂ ಐ.ಎಸ್. 712 ಎಂಬ ಭಾರತೀಯ ಮಾನಕವಿದೆ. ಸಿವಿಲ್ ಇಂಜಿನಿಯರಿಂಗ್ ಓದುವವರು ಸಿಮೆಂಟಿನ ಪಾಠದ ಜೊತೆಗೆ ಅದನ್ನೂ ಒಮ್ಮೆ ತೆರೆದು ನೋಡಿದರೆ ನಷ್ಟವಿಲ್ಲ.

ಸನ್ನತಿಯ ಕಲ್ಲು

ಹಳೆಯ ಕಟ್ಟಡದಲ್ಲಿ ಏನು ಅಡಗಿದೆ ಎಂದು ಮೊದಲೇ ಹೇಳಲಾಗದು. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಮೂರ್ತಿಯೂ ಭಗ್ನವಾಯಿತು. ಅದರ ಪೀಠವಾಗಿ ಬಳಸಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಬ್ರಾಹ್ಮಿ ಅಕ್ಷರಗಳು! ಅದು ಅಶೋಕನ ಶಾಸನ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ಮಾತು ಒಂದು ಹಳೆಯ ಗುಡಿಯೊಳಗೆ ಸುಮ್ಮನೆ ಕಾದಿತ್ತು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ಸುಣ್ಣದ ಕಲ್ಲಿನ ಚಪ್ಪಡಿಗಳಲ್ಲಿ ಕೆತ್ತಿದ ಬೌದ್ಧ ಸ್ತೂಪ, ಅದರಲ್ಲಿ ಅಶೋಕನ ಹೆಸರಿರುವ ಶಿಲ್ಪ ಹೊರಬಂದವು. ಕಲ್ಲನ್ನು ಒಡೆದು ಜಲ್ಲಿ ಮಾಡಿದ್ದರೆ, ಇಲ್ಲವೆ ಸಿಮೆಂಟಿನಲ್ಲಿ ಮುಚ್ಚಿ ಟೈಲ್ಸು ಹಾಕಿದ್ದರೆ ಅವು ಯಾರಿಗೂ ಕಾಣುತ್ತಿರಲಿಲ್ಲ.

ವಿದ್ಯಾರ್ಥಿಗಳು ರಜೆಯಲ್ಲಿ ಒಂದು ಕೆಲಸ ಮಾಡಬಹುದು. ಒಂದು ನೋಟುಬುಕ್ಕು, ಒಂದು ಟೇಪು ಹಿಡಿದು ತಮ್ಮ ಓಣಿಯಲ್ಲಿ ಹಳೆಯ ಮನೆಗಳೆಷ್ಟು, ಬಾಗಿಲ ಚೌಕಟ್ಟಿನ ಅಳತೆಯೇನು, ಮಾಳಿಗೆ ಯಾವ ಬಗೆಯದು ಎಂದು ಬರೆದಿಡುವುದು. ಕಟ್ಟಿದವರು ಯಾರು, ಯಾವಾಗ ಎಂದು ಮನೆಯ ಹಿರಿಯರನ್ನು ಕೇಳುವುದು. ಸಂದಿಯ ಗಾರೆಯನ್ನು ಉಗುರಿನಿಂದ ಮೆಲ್ಲಗೆ ಗೀರಿ ನೋಡುವುದು. ಬಿಳಿ ಪುಡಿ ಬಂದರೆ ಅದು ಬಹುಶಃ ಸುಣ್ಣ, ಉಗುರೇ ಸವೆದರೆ ಸಿಮೆಂಟು. ಗೋಡೆ ಎಲ್ಲಿ ಉಬ್ಬಿದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕುವುದು.

ಮುಂದಿನ ದೀಪಾವಳಿಗೆ ಮತ್ತೆ ಗಿಲಾವು ಮಾಡಿಸುವ ಮಾತು ಮನೆಯಲ್ಲಿ ಎದ್ದಾಗ ಆ ನೋಟುಬುಕ್ಕನ್ನು ತೆರೆಯಬಹುದು. ಗೌಂಡಿಗೆ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಚೀಲ ಸಿಮೆಂಟು ಬೇಕು’ ಎಂಬುದಲ್ಲ, ‘ಈ ಗೋಡೆ ಯಾವುದರಿಂದ ಕಟ್ಟಿದ್ದು’ ಎಂಬುದು. ಉತ್ತರ ಅಪ್ಪನಿಗೆ ಗೊತ್ತಿಲ್ಲದಿದ್ದರೂ ಮುತ್ಯಾನಿಗೆ ಗೊತ್ತಿರುತ್ತದೆ. ಅವನು ಇರುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು.